ಮೂಸಿ ನೋಡಿದ ಮೇಲೆ

ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಬಾಳೂರಿನ ಬೆಳೆಗಾರರೊಬ್ಬರು, ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಮೀನಿನ ಸುಗಂಧಕ್ಕನ ಬುಟ್ಟಿಯ ಮುಂದೆ ನಿಂತು ಗೋಳು ಹೇಳಿಕೊಳ್ಳುತ್ತಿದ್ದರು.

"ಹಡಗು ಮುಳುಗಿ ಎಣ್ಣೆ ಸೋರಿದ್ದೇ ಸೋರಿದ್ದು, ಕಡಲ ಪಕ್ಕದ ನನ್ನ ಸೈಟು ಯಾರಿಗೂ ಬೇಡವಾಯ್ತು."

"ಎಣ್ಣೆ ಬಂದದ್ದು ಆಚೆ ಊರಿಗಲ್ವಾ ಗೌಡ್ರೇ? ನಿಮ್ಮ ಜಾಗದ ಹತ್ರ ಒಂದು ತೊಟ್ಟೂ ಇಲ್ಲ."

"ಅದನ್ನ ಬಂದು ನೋಡ್ಬೇಕಲ್ಲ! ತಗೊಳ್ಳೋರು ಫೋನಲ್ಲೇ ಬೇಡ ಅಂದ್ಬಿಟ್ರು."

"ಹೋಗ್ಲಿ, ನೀವು ಬಂಗುಡೆ ತಗೊಳ್ಳಿ. ಬೆಳಗ್ಗಿಂದ ಒಬ್ರೂ ಮುಟ್ಲಿಲ್ಲ."

"ಬೇಡ ಮಾರಾಯ್ತಿ, ಎಣ್ಣೆ ವಾಸನೆ ಬರುತ್ತಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರಪ್ಪ."

"ನಿಮ್ಮ ಕಾಫಿ ಬೀಜ ಕಚ್ಚಿ ನೋಡದೆ, ಒಣಗಿಲ್ಲ ಅಂತ ವ್ಯಾಪಾರಿ ಹೇಳಿದ್ರೆ ಸುಮ್ನೆ ಬಿಡ್ತೀರಾ?"

ಗೌಡರು ಆಚೀಚೆ ನೋಡಿ, ಬಗ್ಗಿ, ಒಂದು ಬಂಗುಡೆ ಎತ್ತಿ ಮೂಸಿದರು.

"ಮೀನಿನ ವಾಸನೆಯೇ ಬರ್ತಿದೆಯಲ್ಲ!"

"ಮತ್ತೆ ಮಲ್ಲಿಗೆಯದ್ದು ಬರ್ತದಾ? ಎಷ್ಟು ಕಟ್ಲಿ?"

"ಆರು ಕಟ್ಟು. ಬೇಗ."

ಬಾಳೂರಿನ ಮೇಲೆ ಹೋಗುವ ಕಳಸದ ಬಸ್ಸು ಹೊರಟೇ ಬಿಟ್ಟಿತ್ತು. ಪೊಟ್ಟಣ ಹಿಡಿದು ಓಡಿ ಹತ್ತಿದವರನ್ನು ಕಂಡಕ್ಟರ್ ಬಾಗಿಲಲ್ಲೇ ತಡೆದ.

"ಗೌಡ್ರೇ, ಅದು ಎಣ್ಣೆ ಮೀನಲ್ವಾ?"

"ಮೂಸಿ ನೋಡಿ ಮಾತಾಡು ಮಾರಾಯ!"