ಮೇಯುವ ಹೊತ್ತಿನ ಬಿಲ್ಲೆ

ಒಂದು ಊರು, ಆ ಊರಿಗೆ ಒಬ್ಬ ಸಾಹುಕಾರ. ಸಾಹುಕಾರ ಅಂದ ಕೂಡಲೇ ಹಿಂದೆ ಕೂತ ತಾಯಂದಿರು ಮುಖ ಕಿವುಚಬೇಡಿ. ಕಥೆಯಲ್ಲಿ ಬರುವ ಸಾಹುಕಾರರೆಲ್ಲ ಕೆಟ್ಟವರೇ ಆಗಿರಬೇಕು ಅಂತ ಏನೂ ಇಲ್ಲ. ಇವನು ಒಳ್ಳೆಯವನು. ನೋಡಿ, ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ, ಯಾಕೆಂದರೆ ಈ ಕಥೆಯಲ್ಲಿ ಆಗುವ ಎಡವಟ್ಟೆಲ್ಲ ಒಳ್ಳೆಯವರಿಂದಲೇ ಆಗುವುದು.

ಅವನ ಸಿರಿ ಬಂದದ್ದು ರೇಷ್ಮೆಯಿಂದ. ಊರ ಸುತ್ತ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಉದ್ದನೆಯ ಹುಳು ಸಾಕುವ ಮನೆ. ಊರಿನ ಅರ್ಧ ಜನ ಅಲ್ಲೇ ಸೊಪ್ಪು ಕೊಯ್ಯುವವರು, ಹುಳು ಮೇಯಿಸುವ ಅಗಲದ ಬಿದಿರು ತಟ್ಟೆ ತೊಳೆಯುವವರು. ಸಾಹುಕಾರ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಶಾಲೆಯಲ್ಲಿದ್ದಷ್ಟು ದಿನವೂ ಅವನ ಹೆಸರು ಹಿಡಿದು ಕರೆದದ್ದು ನೀರು ತರುವುದಕ್ಕೆ ಮಾತ್ರವಂತೆ. ಅದು ಮನಸ್ಸಿನಲ್ಲಿ ಉಳಿದಿತ್ತೋ ಏನೋ, ಒಂದು ದಿನ ಊರಿನ ಶಾಲೆಯ ಹೆಡ್ಮೇಷ್ಟ್ರನ್ನು ಜಗಲಿಗೆ ಕರೆಸಿಕೊಂಡು ಕೇಳಿದ.

"ಮೇಷ್ಟ್ರೆ, ಓಡೋ ಹುಡುಗನಿಗೆ ಕಪ್ಪು ಕೊಡ್ತೀರಿ. ಕಬಡ್ಡಿ ಆಡೋನಿಗೆ ಬನೀನು ಕೊಡ್ತೀರಿ. ಓದೋ ಮಗೀಗೆ ಏನು ಕೊಡ್ತೀರಿ?"

"ಅಂಕ ಕೊಡ್ತೀವಿ ಯಜಮಾನ್ರೆ."

"ಅಂಕವ ಎದೆ ಮೇಲೆ ಇಟ್ಕೊಂಡು ಊರಲ್ಲಿ ತಿರುಗೋಕಾಯ್ತದಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಿಮ್ಮ ಹತ್ತಿರ ಉತ್ತರ ಇದೆಯೆ? ಪ್ರಶ್ನೆ ನ್ಯಾಯವಾದದ್ದೇ. ಕಾಲಿನ ಬಲಕ್ಕೆ ಚಪ್ಪಾಳೆ ಇದೆ, ಕಂಠದ ಬಲಕ್ಕೆ ಶಾಲು ಇದೆ. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತ ಮಗುವಿಗೆ ನಾವು ಏನು ಕೊಡುತ್ತೇವೆ? ಬಹಳ ಮನೆಗಳಲ್ಲಿ "ಎದ್ದು ಹೋಗಿ ದನಕ್ಕೆ ಹುಲ್ಲು ಹಾಕು" ಅನ್ನುವ ಮಾತು ಕೊಡುತ್ತೇವೆ.

ಹೀಗೆ ಸಾಹುಕಾರನ ದುಡ್ಡಿನಲ್ಲಿ ಶುರುವಾಯಿತು ಆರು, ಏಳು, ಎಂಟನೇ ತರಗತಿಗಳಿಗೆ 'ಜಾಣರ ಬಳಗ'. ಪರೀಕ್ಷೆಯಲ್ಲಿ ಮುಂದೆ ಬಂದ ಮಕ್ಕಳಿಗೆ ಅಂಗಿಗೆ ಚುಚ್ಚಿಕೊಳ್ಳುವ ಒಂದು ಹಿತ್ತಾಳೆ ಬಿಲ್ಲೆ. ಅವರಿಗೇ ಅಂತ ಒಂದು ಕೋಣೆ, ಅದರಲ್ಲಿ ಪುಸ್ತಕದ ಬೀರು. ಶನಿವಾರ ತಾಲ್ಲೂಕಿನಿಂದ ಒಬ್ಬ ಮೇಷ್ಟ್ರು ಬಂದು ಅವರಿಗೆ ಬೇರೆ ಪಾಠ ಹೇಳುವುದು. ಹೆಡ್ಮೇಷ್ಟ್ರು ಒಂದು ನಿಯಮ ಸೇರಿಸಿದರು: ಮುಂದಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಪ್ರಾರ್ಥನೆಯ ಸಾಲಿನಲ್ಲೇ ಬಿಲ್ಲೆ ಬಿಚ್ಚಿ ಕೊಡಬೇಕು. ಇಲ್ಲದಿದ್ದರೆ ಬಿಲ್ಲೆಗೆ ಬೆಲೆ ಎಲ್ಲಿ? ಸಾಹುಕಾರನೂ ಹೌದು ಅಂದ.

ಅದೇ ಊರಲ್ಲಿ ಚಿಕ್ಕಸ್ವಾಮಿ ಅಂತ ಒಬ್ಬ. ಪೇಟೆಯ ಗೂಡಿನ ಮಾರುಕಟ್ಟೆಯಲ್ಲಿ ಅವನ ಕೆಲಸ. ಹುಳು ಕಟ್ಟಿದ ರೇಷ್ಮೆಗೂಡುಗಳನ್ನು ಮುಂದೆ ಸುರಿದುಕೊಂಡು ಕಲೆಯಾದದ್ದು, ತೆಳುವಾದದ್ದು, ಎರಡು ಹುಳು ಸೇರಿ ಕಟ್ಟಿದ್ದು, ಎಲ್ಲವನ್ನೂ ಆರಿಸಿ ಪಕ್ಕಕ್ಕೆ ಎಸೆಯುವುದು. ಕೈಗೆ ಕಣ್ಣಿದೆಯೋ ಅನ್ನುವಂತೆ ಮಾತಾಡುತ್ತಲೇ ಆರಿಸುತ್ತಿದ್ದ. ಅವನ ಮಗಳು ನಂಜಮಣಿ. ಏಳನೇ ತರಗತಿ ಮುಗಿಯುತ್ತಿದ್ದ ಹಾಗೆ ಅವಳನ್ನು ಶಾಲೆ ಬಿಡಿಸಬೇಕು ಅಂತ ಅಪ್ಪ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದ. ಅಷ್ಟರಲ್ಲಿ ಬಂತಲ್ಲ ಬಿಲ್ಲೆ, ಅವಳಿಗೂ ಸಿಕ್ಕಿತು.

ಟೀ ಅಂಗಡಿಯಲ್ಲಿ ಯಾರೋ ಕೆಣಕಿದರು. "ಏನ್ ಚಿಕ್ಕಸ್ವಾಮಣ್ಣ, ಮಗಳ್ನ ಕಲೆಕ್ಟ್ರು ಮಾಡ್ತೀಯಂತೆ?"

"ಕಲೆಕ್ಟ್ರೋ ಏನೋ ನಂಗೊತ್ತಿಲ್ಲ. ಎದೆ ಮೇಲೆ ಹಿತ್ತಾಳೆ ಅದೆ ಕಣಪ್ಪ. ಅದಿರೋಗಂಟ ಓದ್ಲಿ."

ಹಾಗಾದರೆ ಬಿಲ್ಲೆಯಿಂದ ಒಳ್ಳೆಯದೇ ಆಯಿತಲ್ಲ ಸ್ವಾಮಿ ಅಂತ ನೀವು ಕೇಳಬಹುದು. ಆಯಿತು. ನಾನು ಇಲ್ಲ ಅನ್ನುವುದಿಲ್ಲ. ಬಿಲ್ಲೆ ಬಾರದಿದ್ದರೆ ಆ ಹುಡುಗಿ ಎಂಟನೇ ತರಗತಿಯ ಬಾಗಿಲನ್ನೇ ನೋಡುತ್ತಿರಲಿಲ್ಲ. ಆದರೆ ಅವಳ ಅಪ್ಪ ಹೇಳಿದ ಮಾತಿನ ಬಾಲವನ್ನು ಗಮನಿಸಿ. "ಅದಿರೋಗಂಟ." ಬಿಲ್ಲೆ ಇರುವ ತನಕ ಮಾತ್ರ ಅಂತ. ಅಪ್ಪನನ್ನು ಕರೆಯಲು ಬಂದಿದ್ದ ನಂಜಮಣಿಯೂ ಆ ಮಾತನ್ನು ಕೇಳಿಸಿಕೊಂಡಿದ್ದಳು.

ಈಗ ಆ ಹುಡುಗಿಯ ವಿಷಯ ಸ್ವಲ್ಪ ಹೇಳಬೇಕು. ಅವಳು ಪ್ರಶ್ನೆ ಕೇಳುವ ಹುಡುಗಿ. ರೇಷ್ಮೆಹುಳು ಬೆಳೆಯುವಾಗ ನಡುನಡುವೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಹಳೆಯ ಪೊರೆ ಕಳಚುವ ಹೊತ್ತು ಅದು. ಸಾಕುವವರು ಅದನ್ನು ಜ್ವರ ಅನ್ನುತ್ತಾರೆ. ಒಮ್ಮೆ ವಿಜ್ಞಾನದ ಪಾಠದ ನಡುವೆ ಇವಳು ಎದ್ದು ನಿಂತು, "ಸಾರ್, ಹುಳ ಜ್ವರಕ್ಕೆ ಕೂತಾಗ ತಲೆ ಎತ್ಕೊಂಡು ಏನು ಮಾಡ್ತದೆ? ನಿದ್ದೆನಾ, ಯೋಚ್ನೆನಾ?" ಅಂತ ಕೇಳಿದ್ದಳು. ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಮೇಷ್ಟ್ರು, "ನಂಗೂ ಸರಿಯಾಗಿ ಗೊತ್ತಿಲ್ಲ, ಓದಿ ಹೇಳ್ತೀನಿ" ಅಂದರು. ಎಷ್ಟು ಚೆಂದದ ತರಗತಿ ನೋಡಿ ಅದು.

ಎಂಟನೇ ತರಗತಿಯಲ್ಲಿ ಲೆಕ್ಕದೊಳಗೆ ಅಕ್ಷರ ಬಂತು. ಅಂಕಿಯ ಜಾಗದಲ್ಲಿ ಒಂದು ಅಕ್ಷರ ಕೂತಿದೆ. ನಂಜಮಣಿಗೆ ತಲೆಬುಡ ತಿಳಿಯಲಿಲ್ಲ. ಕೈ ಎತ್ತಿ, "ಸಾರ್, ಈ ಅಕ್ಷರ ಇಲ್ಲಿ ಯಾಕೆ ಬಂತು?" ಅಂದಳು. ಪಕ್ಕದ ಸಾಲಿನಿಂದ ಗೆಳತಿ ಸಾಕಮ್ಮ ಮೆಲ್ಲಗೆ, "ಬಳಗದೋಳಿಗೆ ಇದೂ ಗೊತ್ತಿಲ್ವೇನೇ?" ಅಂದಳು. ತಮಾಷೆಗೇ ಅಂದದ್ದು. ನಂಜಮಣಿಯ ಎತ್ತಿದ ಕೈ ಇಳಿದು ಬಿಲ್ಲೆಯ ಮೇಲೆ ಬಂದು ಕೂತಿತು. ಮೇಷ್ಟ್ರು ಏನು ಅಂತ ಕೇಳಿದರೆ, "ಏನಿಲ್ಲ ಸಾರ್, ತಿಳೀತು" ಅಂದುಬಿಟ್ಟಳು.

ತಿಳಿದಿರಲಿಲ್ಲ. ಆದರೆ ಜಾಣೆ ಅಂತ ಬಿಲ್ಲೆ ಹಾಕಿಕೊಂಡವಳು ತಿಳಿಯಲಿಲ್ಲ ಅಂತ ಹೇಗೆ ಹೇಳುವುದು? ಇದು ನನಗೆ ಬಹಳ ಸೋಜಿಗ ಅನ್ನಿಸುವ ವಿಷಯ. ಕೇಳಿ ಕೇಳಿಯೇ ಜಾಣೆಯಾದವಳು ಅವಳು. ಜಾಣೆ ಅನ್ನಿಸಿಕೊಂಡ ಮೇಲೆ ಕೇಳುವುದನ್ನೇ ಬಿಟ್ಟಳು. ಇತ್ತ ಸಾಕಮ್ಮನೂ ಮೊದಲಿನ ಹಾಗೆ ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬರುವುದನ್ನು ನಿಲ್ಲಿಸಿದಳು. ಬಳಗದವಳ ಮುಂದೆ ದಡ್ಡಿಯಾಗಿ ಕೂರಲು ಅವಳಿಗೆ ಸಂಕೋಚ. ಒಬ್ಬಳಿಗೆ ಕೇಳಲು ಭಯ, ಇನ್ನೊಬ್ಬಳಿಗೆ ಕೇಳಲು ನಾಚಿಕೆ.

ಪರೀಕ್ಷೆ ಬಂತು, ಲೆಕ್ಕ ಕೈಕೊಟ್ಟಿತು. ಪ್ರಾರ್ಥನೆಯ ಸಾಲಿನಲ್ಲಿ ನಂಜಮಣಿ ಬಿಲ್ಲೆ ಬಿಚ್ಚಿ ಹೆಡ್ಮೇಷ್ಟ್ರ ಅಂಗೈಯಲ್ಲಿಟ್ಟಳು. ಅವರು ಕೆಟ್ಟವರಲ್ಲ. "ಮುಂದಿನ ಸಲ ಮತ್ತೆ ತಗೋತೀಯ ಬಿಡವ್ವ" ಅಂದರು. ಆದರೆ ಮನೆಯಲ್ಲಿ ಬಿಲ್ಲೆ ಎಲ್ಲಿ ಅಂತ ಕೇಳಿದ ಅಪ್ಪ ಹಾಗೆ ನೋಡಲಿಲ್ಲ. ಜೀವಮಾನವೆಲ್ಲ ಗೂಡು ಆರಿಸಿದವನು. ಒಮ್ಮೆ ಆರಿಸಿ ಎಸೆದ ಗೂಡು ಮತ್ತೆ ಬುಟ್ಟಿಗೆ ಬಂದದ್ದನ್ನು ಅವನು ಕಂಡವನಲ್ಲ. "ತಿಳಿದೋರು ನೋಡಿ ತೆಗೆದವ್ರೆ. ಇನ್ನೇನಿದ್ದದು? ನಾಳೆಯಿಂದ ಯಜಮಾನ್ರ ಹುಳದ ಮನೆಗೆ ಹೋಗು" ಅಂದ. ಕೋಪದಲ್ಲಿ ಅನ್ನಲಿಲ್ಲ. ತನ್ನ ಕಸುಬು ಕಲಿಸಿದ ಲೆಕ್ಕದಲ್ಲಿ ಅಂದ.

ಹುಡುಗಿ ಹೋದಳು. ಹುಳು ಕೊನೆಯ ಜ್ವರದಿಂದ ಏಳುತ್ತಿದ್ದ ಸಮಯ. ಸಾಹುಕಾರನ ಅಳಿಯ, ಪೇಟೆಯವನು, ಕೆಲಸಕ್ಕೆ ಹೊಸಬ, ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದ.

"ಮಾವ, ಎದ್ದು ಓಡಾಡ್ತಾ ಇವೆ, ಸೊಪ್ಪು ಹಾಕಿಬಿಡ್ಲಾ?"

"ಇರಪ್ಪ. ಎದ್ದಿರೋವು ಕೆಲವು. ಮಿಕ್ಕವು ಏಳ್ಲಿ."

ನಂಜಮಣಿ ತಟ್ಟೆಯ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಬಿಲ್ಲೆ ಹೋಗಿತ್ತಲ್ಲ, ಬಾಯಿಗೆ ಬಿಡುಗಡೆ ಸಿಕ್ಕಿತ್ತು. "ಯಜಮಾನ್ರೆ, ಮೊದ್ಲು ಎದ್ದಿದ್ಕೆ ಹಸಿವಾಗಿರ್ತದಲ್ಲ, ಅದನ್ನ ಕಾಯ್ಸೋದು ಅನ್ಯಾಯ ಅಲ್ವಾ?"

ಸಾಹುಕಾರ ತಿರುಗಿ ನೋಡಿದ. ಹುಡುಗಿ ಕೇಳುವುದರಲ್ಲಿ ನಿಜವಿದೆ. "ಹಸಿವಾಯ್ತದೆ ಮಗ. ಆದ್ರೆ ಸ್ವಲ್ಪ ಹೊತ್ತು ತಡ್ಕೊಂಡ್ರೆ ಸಾಯಕಿಲ್ಲ. ಈಗ್ಲೇ ಇವಕ್ಕೆ ಹಾಕಿದ್ರೆ ಇವು ಮುಂದಕ್ಕೋಯ್ತವೆ, ಹಿಂದ್ಲವು ಎದ್ದಾಗ ಬಾಡಿದ ಸೊಪ್ಪು ತಿಂತವೆ. ಆಮೇಲೆ ಒಂದೇ ತಟ್ಟೇಲಿ ಕೆಲವು ಗೂಡು ಕಟ್ತವೆ, ಕೆಲವು ಇನ್ನೂ ಮೇಯ್ತವೆ. ಎರಡೂ ಕೆಡ್ತದೆ."

"ತಡವಾಗಿ ಎದ್ದವು ಸೋಮಾರಿ ಹುಳಾನಾ?"

"ಯಾಕೆ? ಎಲೆ ಅಡೀಲಿ ಸಿಕ್ಕಾಕ್ಕೊಂಡಿರ್ತವೆ, ಅಂಚಲ್ಲಿ ತಂಡಿಗೆ ಬಿದ್ದಿರ್ತವೆ. ಗೂಡು ಕಟ್ಟಿದ ಮೇಲೆ ಯಾವುದು ಮೊದ್ಲು ಎದ್ದಿದ್ದು ಅಂತ ನಿಮ್ಮಪ್ಪನೂ ಹೇಳ್ಲಾರ." ಹಾಗೆ ಅಂದವನಿಗೆ ಆಗ ಹೊಳೆಯಿತು. "ಅದ್ಸರಿ, ನೀನಿಲ್ಲಿ ಯಾಕಿದ್ದೀಯೆ? ಸ್ಕೂಲಿಲ್ವಾ?"

"ಬಿಲ್ಲೆ ಹೋಯ್ತು."

"ಬಿಲ್ಲೆ ಹೋದ್ರೆ ಸ್ಕೂಲು ಯಾಕೆ ಹೋಯ್ತದೆ?"

"ಅಪ್ಪ ಅಂದ."

ಸಾಹುಕಾರ ಸಂಜೆಗೇ ಅವರ ಮನೆಗೆ ಬಂದ. ಚಾಪೆ ಹಾಸಿದರು, ಕೂತ. ನಂಜಮಣಿ ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದಳು.

"ಅಲ್ಲ ಕಣಯ್ಯ ಚಿಕ್ಕಸ್ವಾಮಿ, ನೀನು ಆರಿಸೋದು ಕಟ್ಟಿ ಮುಗಿದ ಗೂಡ. ತಟ್ಟೇಲಿ ಮೇಯ್ತಿರೋ ಹುಳವ ಯಾವತ್ತಾರ ಆರಿಸಿದ್ದೀಯಾ?"

"ಕಾಯಿಲೆ ಹುಳ ಬಿಟ್ರೆ ಮೇಯೋ ಹುಳದಲ್ಲಿ ಆರಿಸೋಕೆ ಏನದೆ ಯಜಮಾನ್ರೆ? ಯಾವುದು ಎಂಥಾ ಗೂಡು ಕಟ್ತದೋ ಯಾರಿಗೆ ಗೊತ್ತು." ಚಿಕ್ಕಸ್ವಾಮಿ ತಲೆ ಎತ್ತಿದ. "ಮತ್ತೆ ನೀವ್ಯಾಕೆ ಆರಿಸಿದ್ರಿ?"

ನೋಡಿ, ಬುದ್ಧಿ ಹೇಳೋಕೆ ಬಂದವನೇ ಸಿಕ್ಕಿಬಿದ್ದ. ಬಿಲ್ಲೆ ಮಾಡಿಸಿದ್ದು ತಾನು, ಬಿಚ್ಚಿಸುವುದಕ್ಕೆ ಹೌದು ಅಂದದ್ದೂ ತಾನು. ಓದು ಬಾರದ ಅಪ್ಪ ಮಗಳ ತಲೆಯೊಳಗೆ ಏನಿದೆ ಅಂತ ಹೇಗೆ ನೋಡಬೇಕು? ಊರಿನ ದೊಡ್ಡವರು ಎದೆಯ ಮೇಲೆ ಏನು ಚುಚ್ಚಿದರೋ ಅದನ್ನೇ ಅವನು ಓದಿದ್ದ.

"ಬಿಲ್ಲೆ ನಾಳೇನೇ ವಾಪಸ್ ಕೊಡಿಸ್ತೀನಿ" ಅಂದ ಸಾಹುಕಾರ.

"ಬ್ಯಾಡಿ. ಯಜಮಾನ್ರು ಕರುಣೆಯಿಂದ ಕೊಟ್ರು ಅಂತಾರೆ. ಅದನ್ನ ಹಾಕ್ಕೊಂಡು ಅವಳು ತಲೆ ಎತ್ತಕಿಲ್ಲ."

"ಹಂಗಾರೆ ಏನು ಮಾಡಾನ? ಅವಳ್ನಾದ್ರೂ ಕೇಳಿದ್ದೀಯಾ?"

ಚಿಕ್ಕಸ್ವಾಮಿ ಒಲೆಯ ಕಡೆ ತಿರುಗಿದ. "ಏನವ್ವ, ನಿಂಗೆ ಓದೋಕೆ ಆಸೆ ಅದಾ?"

"ಅದೆ."

"ಮತ್ತೆ ಅವತ್ತೇ ಹೇಳ್ಬಾರ್ದಾಗಿತ್ತಾ?"

"ನೀನು ಬಿಲ್ಲೆ ಎಲ್ಲಿ ಅಂತ ಕೇಳ್ದೆ. ಇದನ್ನ ಕೇಳ್ಲಿಲ್ಲ."

ಹುಡುಗಿ ರೊಟ್ಟಿ ಮಗುಚಿ ಹಾಕಿದಳು. ಅಪ್ಪ ಎದ್ದು ಬಂದು ಒಲೆಯ ಹತ್ತಿರ ಕೂತ. ಆಮೇಲೆ, "ನಾಳೆ ಹೋಗು" ಅಂದ. ಒಲೆಗೆ ಒಂದು ಸೌದೆ ಮುಂದೂಡಿ, "ಯಾರು ಏನು ಕೊಟ್ರೂ ಹೋಗು, ಕಿತ್ಕೊಂಡ್ರೂ ಹೋಗು" ಅಂದ. ಅವಳು ಮರುದಿನ ಶಾಲೆಗೆ ಹೋದಳು, ಆ ಅಕ್ಷರ ಯಾಕೆ ಅಲ್ಲಿ ಕೂತಿದೆ ಅಂತ ಕೇಳಿದಳು. ಕೇಳಿ ತಿಳಿದುಕೊಂಡಳು.

ಅಲ್ಲಿಂದಾಚೆಗೆ ಸಾಹುಕಾರ ಬಳಗದ ಕೋಣೆಯನ್ನು ಮುಚ್ಚಲಿಲ್ಲ. ಬಿಲ್ಲೆ ಕೊಡುವುದನ್ನು ನಿಲ್ಲಿಸಿ, ಬಾಗಿಲನ್ನು ಎಲ್ಲರಿಗೂ ತೆಗೆಸಿದ. ಶನಿವಾರದ ಪಾಠಕ್ಕೆ ಬರಬೇಕು ಅನ್ನುವವರೆಲ್ಲ ಬರಬಹುದು ಅಂದ. ಮೊದಮೊದಲು ಸಂತೆಯೇ ಆಯಿತು. ತಾಲ್ಲೂಕಿನ ಮೇಷ್ಟ್ರು, "ಇದು ಪಾಠವೋ ಪಂಚಾಯ್ತಿಯೋ?" ಅಂತ ಗೊಣಗಿದರು. ಬಿಲ್ಲೆಯಿದ್ದ ಮಕ್ಕಳ ಅಪ್ಪಂದಿರು ಕೆಲವರು ಜಗಳಕ್ಕೇ ಬಂದರು. ಬರಬರುತ್ತ ನಿಜವಾಗಿ ಬೇಕಾದವರು ಉಳಿದರು. ಬಿಲ್ಲೆಯವರಲ್ಲಿ ಕೆಲವರು ಆಟಕ್ಕೆ ಓಡಿದರು. ಯಾರೂ ಎಣಿಸದಿದ್ದ ಸಾಕಮ್ಮ ಮುಂದಿನ ಸಾಲಿನಲ್ಲಿ ಕೂತಳು. ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಜಾಣ ಮಗು ತನ್ನ ಹಸಿವಿಗೆ ಸ್ವಲ್ಪ ಕಾಯಬೇಕಾಯಿತು, ಅದೂ ನಿಜ.

ಈಗ ನಿಮ್ಮ ಕಡೆ ಬರೋಣ. ಮುಂದೆ ಕೂತಿರುವ ಶಾಲಾ ಸಮಿತಿಯ ಯಜಮಾನರು ಮೊನ್ನೆ ನನ್ನ ಹತ್ತಿರ ಬಂದು, ನಮ್ಮ ಮಾಧ್ಯಮಿಕ ಶಾಲೆಯಲ್ಲೂ ಪ್ರತಿಭಾವಂತರ ಸಂಘ ಮಾಡುತ್ತೇವೆ, ಭಾನುವಾರ ಬಂದು ಬಿಲ್ಲೆ ತೊಡಿಸಿ ಅಂತ ಕರೆದಿದ್ದಾರೆ. ಇವರೂ ಒಳ್ಳೆಯವರೇ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ, ಅದಕ್ಕೇ ಕಥೆ ಹೇಳಿದೆ. ಮಕ್ಕಳು ಹುಳುಗಳಲ್ಲ, ಆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಹನ್ನೊಂದು, ಹನ್ನೆರಡು, ಹದಿಮೂರು ವಯಸ್ಸು ಅಂದರೆ ಮೇಯುವ ವಯಸ್ಸು. ಇನ್ನೂ ಪೊರೆ ಕಳಚುತ್ತಿದೆ. ಒಬ್ಬ ಇವತ್ತು ಎದ್ದ, ಒಬ್ಬ ನಾಳೆ ಏಳುತ್ತಾನೆ. ಓದಿಗೆ ಗೌರವ ಬೇಡವೆ? ಬೇಕು, ಬೇಕೇ ಬೇಕು. ಪುಸ್ತಕ ತನ್ನಿ, ಮೇಷ್ಟ್ರನ್ನು ಕರೆಸಿ, ಕೋಣೆ ಕಟ್ಟಿ. ಬಾಗಿಲು ತೆಗೆಯಲು ನಾನು ಬರುತ್ತೇನೆ. ಬಿಲ್ಲೆ ಚುಚ್ಚಲು ಬರುವುದಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಮಗುವಿನ ಎದೆಯಿಂದ ಏನನ್ನಾದರೂ ಬಿಚ್ಚಿಸುವುದಾದರೆ ಖಂಡಿತ ಬರುವುದಿಲ್ಲ.

ಇದು ಸಮಿತಿಯವರಿಗಾಯಿತು. ಮಿಕ್ಕವರು ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಬಿಲ್ಲೆ ಇಲ್ಲದಿರಬಹುದು, "ಅದಿರೋಗಂಟ" ಅನ್ನುವ ಮಾತು ಇಲ್ಲವೆ? ಇಷ್ಟು ಅಂಕ ಬಂದರೆ ಓದು, ಇಲ್ಲದಿದ್ದರೆ ಕೆಲಸ. ಗಂಡುಮಕ್ಕಳಿಗೆ ಈ ಮಾತು ಬೆದರಿಕೆ ಮಾತ್ರ. ಹೆಣ್ಣುಮಕ್ಕಳಿಗೆ ಅದು ನಿಜವಾಗಿಬಿಡುತ್ತದೆ, ಅದು ಅವರಿಗೆ ಗೊತ್ತು. ಗೊತ್ತಿದ್ದೇ ಅವರು ತಿಳಿಯದ್ದನ್ನು ತಿಳೀತು ಅನ್ನುತ್ತಾರೆ.

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಮಗಳನ್ನು ಕೇಳಿ, ನಿನಗೆ ಓದಲು ಆಸೆ ಇದೆಯಾ ಅಂತ. ಅವಳು ಇದೆ ಅಂದರೆ, ಹಾಗಾದರೆ ನೀನು ಮುಂದೆ ಬಂದರೂ ಓದುತ್ತೀಯ, ಹಿಂದೆ ಬಿದ್ದರೂ ಓದುತ್ತೀಯ ಅಂತ ಬಾಯಿಬಿಟ್ಟು ಹೇಳಿ. ನಮ್ಮ ಮನಸ್ಸಿನಲ್ಲಿ ಇದ್ದೇ ಇದೆಯಲ್ಲ, ಹೇಳುವುದು ಯಾಕೆ ಅನ್ನಬೇಡಿ. ನಿಮ್ಮ ಮನಸ್ಸಿನಲ್ಲಿರುವುದು ಅವಳಿಗೆ ಹೇಗೆ ಗೊತ್ತಾಗಬೇಕು? ಹೇಳಿ. ಆಮೇಲೆ ಊಟ ಮಾಡಿ.