ಕನ್ನಡಿ ಮುಖಕ್ಕೆ ಕೊನೇ ಹಾಳೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಇದು ಅಣ್ಣನ ಫೋನ್ ಅಲ್ವಾ?... ಓ, ಅತ್ತಿಗೆ, ನೀವಾ! ನಾನು, ನಿಮ್ಮ ನಾದಿನಿ... ಹಾಂ, ಪುಟ್ಟೀನೇ. ದನಿ ಬೇರೆ ಥರ ಇದೆಯಾ? ಬೆಳಿಗ್ಗೆಯಿಂದ ಯಾರ ಹತ್ರಾನೂ ಮಾತಾಡಿಲ್ಲ, ಅದಕ್ಕೆ. ಅಣ್ಣನಿಗೆ ಕೊಡಿ ಸ್ವಲ್ಪ.

... ಫೋನ್ ಬಿಟ್ಟು ಹೋಗಿದಾನಾ? ಫೋಟೋ ತೆಗೆಯೋಕೆ ಹೋಗೋನು ಫೋನ್ ಮರೀತಾನೆ, ಲೆನ್ಸ್ ಮರೀತಾನೆ, ಪುಣ್ಯಕ್ಕೆ ತಲೆ ಕತ್ತಿನ ಮೇಲೇ ಅಂಟಿಕೊಂಡಿದೆ. ಯಾವಾಗ ಬರ್ತಾನೆ?... ಅಯ್ಯೋ. ಅಷ್ಟೊತ್ತಿಗೆ ಕತ್ತಲಾಗಿರುತ್ತೆ ಅತ್ತಿಗೆ. ನನಗೆ ಕಿಟಕಿ ಬೆಳಕು ಇರೋವಾಗಲೇ ಬೇಕು.

... ಫೋಟೋ ಪೇಪರ್. ಡೈರೆಕ್ಟ್ ಪಾಸಿಟಿವ್ ಅಂತ. ನೆಗೆಟಿವ್ ಗಿಗೆಟಿವ್ ಏನೂ ಇಲ್ಲ, ಹಾಳೇನೇ ಕ್ಯಾಮೆರಾ ಒಳಗೆ ಹಾಕೋದು, ತೊಳೆದ್ರೆ ಅದರ ಮೇಲೇ ಫೋಟೋ. ಒಂದಕ್ಕೆ ಒಂದೇ. ಬೀರುವಲ್ಲಿ ಒಂದು ಡಬ್ಬಿ ಉಳಿದಿದೆ ಅಂದಿದ್ದ ಅಣ್ಣ. ಸ್ವಲ್ಪ ನೋಡ್ತೀರಾ? ನಾನೇ ಓಡಿ ಬರ್ತೀನಿ.

... ಹೌದು, ಅದೇ ಪೆಟ್ಟಿಗೆ ಕ್ಯಾಮೆರಾ. ನಿಮ್ಮ ಹಾಲ್‌ನಲ್ಲಿ ಮೂರು ಕಾಲಿನ ಮೇಲೆ ನಿಂತು ಹೋಗೋರು ಬರೋರನ್ನೆಲ್ಲ ಎಡವಿಸ್ತಿತ್ತಲ್ಲ, ಅದೇ... ನಂದೇ ಫೋಟೋ. ನಾನೇ ತೆಗೀತಿರೋದು... ನಗಬೇಡಿ ಅತ್ತಿಗೆ. ಕುರ್ಚಿ ಮೇಲೆ ಪೊರಕೆ ನಿಲ್ಲಿಸಿ ಫೋಕಸ್ ಮಾಡ್ತೀನಿ. ಆಮೇಲೆ ಪೊರಕೆ ಎತ್ತಿ ನಾನು ಕೂರ್ತೀನಿ. ಲೆನ್ಸಿಗೆ ದಾರ ಕಟ್ಟಿದೀನಿ, ಅದರ ತುದಿ ಮೂಗಿಗೆ ತಾಗಿದ್ರೆ ಸರಿಯಾದ ಜಾಗ. ದಾರ ಬಿಟ್ಟು, ಶಟರ್ ತೆರೆಯೋ ರಬ್ಬರ್ ಬಲ್ಬ್ ಕಾಲಲ್ಲಿ ಒತ್ತೋದು. ಇಷ್ಟೆಲ್ಲ ಸರ್ಕಸ್ ಮಾಡಿದ್ರೂ ಪೊರಕೆ ಮಾತ್ರ ಸ್ಪಷ್ಟ, ನಾನು ಕೂತ್ರೆ ಮಂಜು.

... ಎಲ್ಲಾ ಹಾಳಾದ್ವು. ಒಂದ್ರಲ್ಲಿ ಕಿವಿ ಚೆನ್ನಾಗಿದೆ, ಕಣ್ಣಿಲ್ಲ. ಒಂದ್ರಲ್ಲಿ ಹಾಳೇನೇ ಉಲ್ಟಾ ಹಾಕಿದ್ದೆ, ಕಪ್ಪೋ ಕಪ್ಪು. ಇನ್ನೊಂದಕ್ಕೆ ಶಟರ್ ಮುಚ್ಚೋದು ಮರೆತು ಹಾಳೆ ಇರೋ ಹೋಲ್ಡರ್ ತೆರೆದೆ. ಈ ಪೇಪರ್‌ಗೆ ಬೆಳಕು ಜಾಸ್ತಿ ಬಿದ್ರೆ ಸುಣ್ಣ ಹೊಡೆದ ಗೋಡೆ ಹಾಗೆ ಬೆಳ್ಳಗಾಗಿಬಿಡುತ್ತೆ. ಇಷ್ಟು ವರ್ಷ ಸ್ಟುಡಿಯೋದಲ್ಲಿ ಕಂಡೋರ ಪಾಸ್‌ಪೋರ್ಟ್ ಫೋಟೋ ತೆಗೆದವಳು ನಾನು!

... ಸಿಕ್ತಾ? ಹಾಂ, ಬಿಳಿ ಡಬ್ಬಿ, ಅದೇ ಅದೇ! ನಿಮ್ಮ ಹೊಟ್ಟೆ ತಣ್ಣಗಿರಲಿ. ಹಾಗೇ ಇಟ್ಟಿರಿ, ಈಗಲೇ ಹೊರಟೆ.

... ಏನು? ಎಷ್ಟು ಹಾಳೆ ಇದೆ ಅಂತ ನಿಮಗೆ ಹೇಗೆ ಗೊತ್ತು?

... ಅತ್ತಿಗೆ. ತೆರೆದ್ರಾ?... ಒಳಗಿನ ಕಪ್ಪು ಕವರ್? ಅದನ್ನೂ?... ತಾಳಿ, ತಾಳಿ. ಬೆಳಕು ಬಿದ್ದು ಮೇಲಿನದು ಹೋದ್ರೆ ಹೋಗ್ಲಿ. ಕೆಳಗಿನವು ಒಂದರ ಕೆಳಗೊಂದು ಇದ್ರೆ ಬದುಕಿರ್ತವೆ. ಕಟ್ಟು ಹಾಗೇ ಇದೆ ತಾನೇ?... ಹರಡಿದೀರಾ. ಮೇಜಿನ ಮೇಲೆ. ಎಲ್ಲಾನೂ?

... ಗೊತ್ತು. ಖಾಲಿ ಡಬ್ಬಿಗೋಸ್ಕರ ನಾನು ಓಡಿ ಬರಬಾರದು ಅಂತ ನೋಡಿದ್ರಿ. ಒಳ್ಳೇದಕ್ಕೇ ಮಾಡಿದ್ರಿ, ಗೊತ್ತು... ಅಯ್ಯೋ ದೇವರೇ, ಏನ್ಮಾಡಲಿ ಈಗ, ಏನ್ಮಾಡಲಿ ನಾನು!

... ಬೇಡ, ಮೊಬೈಲ್ ಬೇಡ... ಬೇರೆ ತರಿಸೋಕೆ ನಾಳೆ ನಾಡಿದ್ದು ಅನ್ನೋದು ಎಲ್ಲಿದೆ ಅತ್ತಿಗೆ? ನಾಳೆ ಬೆಳಿಗ್ಗೆ ಆಪರೇಷನ್ ಅಲ್ವಾ... ಹಾಂ, ಸಣ್ಣ ಗಂಟು ಅಂತ ನಾನೇ ಹೇಳಿದ್ದು. ಗಂಟು ಸಣ್ಣದೇ. ಆದ್ರೆ ಕಿವಿ ಕೆಳಗೆ ಒಂದು ನರಕ್ಕೆ ಸುತ್ತಿಕೊಂಡಿದೆಯಂತೆ. ಮುಖ ಆಡಿಸೋ ನರ. ಅದನ್ನೂ ಕತ್ತರಿಸಲೇಬೇಕಂತೆ. ಆಮೇಲೆ ಈ ಕಡೆ ಅರ್ಧ ಮುಖ ಅಲ್ಲಾಡಲ್ಲ. ಕಣ್ಣು ಪೂರ್ತಿ ಮುಚ್ಚಲ್ಲ, ತುಟಿ ಜೋತುಬೀಳುತ್ತೆ. ನಗೋಕೆ... ನಗೋಕಾಗಲ್ಲ ಅತ್ತಿಗೆ.

... ಇಲ್ಲ, ಅಣ್ಣನಿಗೂ ಗೊತ್ತಿಲ್ಲ. ಹೇಳಿದ್ರೆ ಎಲ್ಲರೂ ನನ್ನ ಮುಖಾನೇ ನೋಡ್ತಿದ್ರಿ, ಆಗಲೇ ಹೋಗಿಬಿಟ್ಟಿದೆ ಅನ್ನೋ ಹಾಗೆ.

... ಕೇಳಿ, ಯಾಕೆ ಇದೇ ಬೇಕು ಅಂದ್ರೆ... ಈ ಪೇಪರ್‌ನಲ್ಲಿ ಎಡ ಬಲ ಅದಲುಬದಲಾಗುತ್ತೆ, ಕನ್ನಡಿಯಲ್ಲಿ ಕಾಣೋ ಹಾಗೆ. ನೀವೆಲ್ಲ ನೋಡಿರೋ ಮುಖ ಅಲ್ಲ ಅದು. ದಿನಾ ಹಲ್ಲುಜ್ಜುವಾಗ ನಾನು ನೋಡೋ ಮುಖ. ಅವಳು ನನಗೆ ಮಾತ್ರ ಗೊತ್ತು. ಮೊಬೈಲಲ್ಲೂ ತಿರುಗಿಸಬಹುದು, ಹೌದು. ಆದ್ರೆ ಇಲ್ಲಿ ನನ್ನ ಮುಖಕ್ಕೆ ತಾಗಿದ ಬೆಳಕೇ ಹೋಗಿ ಆ ಹಾಳೆಗೆ ತಾಗುತ್ತೆ. ನಾಳೆಯಿಂದ ಕನ್ನಡಿಯಲ್ಲಿ ಅವಳಿರಲ್ಲ. ಒಂದು ಸಲ, ಒಂದೇ ಒಂದು ಸಲ ಅವಳು ನಗ್ತಾ ಹಾಳೆ ಮೇಲೆ ನಿಲ್ಲಲಿ ಅಂತ. ಹುಚ್ಚು ಅನ್ನಿ ಬೇಕಾದ್ರೆ.

... ಅಳಬೇಡಿ. ನೀವು ಅತ್ರೆ ನಾನೂ ಅಳ್ತೀನಿ, ಕಣ್ಣು ಊದಿಕೊಳ್ಳುತ್ತೆ... ಒಂದು ಉಳಿದಿದೆ. ಹೋಲ್ಡರ್‌ನಲ್ಲೇ ಇದೆ, ಕೊನೇದು. ಮುಟ್ಟೋಕೇ ಭಯ, ಅದಕ್ಕೇ ನಿಮ್ಮ ಡಬ್ಬಿಗೆ ಅಂಗಲಾಚಿದ್ದು... ಏನು? ಈಗಲೇನಾ?... ನೀವು ಎಣಿಸ್ತೀರಾ?

ಸರಿ... ಸರಿ. ಫೋನ್ ಸ್ಪೀಕರ್‌ಗೆ ಹಾಕಿ ಸ್ಟೂಲ್ ಮೇಲಿಟ್ಟೆ. ಕೇಳಿಸ್ತಿದೆಯಾ?... ಶಟರ್ ಮುಚ್ಚಿದೆ. ಇನ್ನೊಂದು ಸಲ ನೋಡ್ತೀನಿ... ಮುಚ್ಚಿದೆ. ಹೋಲ್ಡರ್ ಹಾಕಿದೆ, ಅದರ ಮುಚ್ಚಳ ಎಳೆದೆ. ದಾರ... ಮೂಗಿಗೆ ತಾಗ್ತು. ಬಿಟ್ಟೆ. ಹತ್ತರವರೆಗೆ, ನಿಧಾನಕ್ಕೆ. ನಾನು ಉಸಿರಾಡಲ್ಲ, ಮಾತಾಡಲ್ಲ, ನಗ್ತಾ ಕೂತಿರ್ತೀನಿ ಅಷ್ಟೇ. ಹಾಂ, ಶುರು ಮಾಡಿ...

...

...

... ಹಹ್ಹಹ್ಹಾ! ಅಯ್ಯೋ ಅತ್ತಿಗೆ! ಆರಾದ ಮೇಲೆ ಮತ್ತೆ ಐದಾ? ಅತ್ಕೊಂಡು ಹಿಂದಕ್ಕೆ ಎಣಿಸ್ತಾರಾ ಯಾರಾದ್ರೂ?... ಮುಚ್ಚಿದೆ, ಶಟರ್ ಮುಚ್ಚಿದೆ. ಗೊತ್ತಿಲ್ಲ, ಅಲ್ಲಾಡಿದೆನೋ ಏನೋ. ಇರಿ, ಬಚ್ಚಲುಮನೆಗೆ ಹೋಗ್ತೀನಿ, ಅಲ್ಲೇ ತೊಳೆಯೋದು. ಫೋನ್ ಬೆಳಕು ಬೀಳಬಾರದು, ನಿಮ್ಮನ್ನ ಟವೆಲ್‌ನಲ್ಲಿ ಸುತ್ತಿಡ್ತೀನಿ.

... ಗುಂಯ್ ಅಂತಿದೆ ನಿಮ್ಮ ದನಿ, ಜೋರಾಗಿ ಮಾತಾಡಿ. ಕೆಂಪು ದೀಪ ಹಾಕಿದೆ. ಹಾಳೆ ಕೆಮಿಕಲ್‌ನಲ್ಲಿ ಮುಳುಗಿಸಿದೆ... ಇನ್ನೂ ಇಲ್ಲ, ಬರೀ ಬಿಳಿ... ಕೂದಲು! ಕೂದಲು ಬಂತು. ಹುಬ್ಬು. ಕಣ್ಣು... ಅತ್ತಿಗೆ, ಕಣ್ಣು ಎಷ್ಟು ಸ್ಪಷ್ಟ ಇದೆ ಗೊತ್ತಾ? ಒಂದೊಂದು ರೆಪ್ಪೆ ಕೂದಲೂ ಕಾಣುತ್ತೆ. ಕೆನ್ನೆ ಮಚ್ಚೆ ಕನ್ನಡಿಯಲ್ಲಿರೋ ಕಡೇನೇ ಇದೆ. ಅವಳೇ. ಅವಳೇ ಅತ್ತಿಗೆ...

... ಬಾಯಿ... ಬಾಯಿ ಇಲ್ಲ.

... ಇಲ್ಲ ಅಂದ್ರೆ ಇಲ್ಲ. ನಿಮ್ಮ ಐದು ಕೇಳಿ ನಿಜವಾಗಲೂ ನಕ್ಕುಬಿಟ್ಟೆ. ಅಲ್ಲಾಡಿದ್ದು ಈ ಪೇಪರ್‌ನಲ್ಲಿ ನಿಲ್ಲಲ್ಲ. ಮೂಗಿನ ಕೆಳಗೆ ಬರೀ ಮಸುಕು, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಯಾವುದು ಬೇಕಿತ್ತೋ ಅದೇ ಹೋಯ್ತು.

... ನಿಮ್ಮಿಂದಲ್ಲ, ಹಾಗನ್ನಬೇಡಿ... ಹಾಳೆ ಇಲ್ಲ. ಹೊರಗೆ ಬೆಳಕೂ ಇಲ್ಲ ಇನ್ನು. ಅತ್ತಿಗೆ, ನನಗೆ ಭಯ ಆಗ್ತಿದೆ. ತುಂಬಾ ಭಯ ಆಗ್ತಿದೆ ಅತ್ತಿಗೆ.

... ಏನಂದ್ರಿ?... ಕೇಳಿಸ್ತಾ ನಿಮಗೆ? ನಾನು ನಕ್ಕಿದ್ದು?... ಹೇಗಿತ್ತು?

... ಹಾಗಾದ್ರೆ ನೆನಪಿಟ್ಕೊಳ್ಳಿ. ಚೆನ್ನಾಗಿ ನೆನಪಿಟ್ಕೊಳ್ಳಿ. ನಾಳೆ ನನಗೆ ಎಚ್ಚರ ಆದಾಗ ಯಾರೂ ಕನ್ನಡಿ ಕೊಡಬೇಡಿ. ನೀವೇ ಎದುರಿಗೆ ನಿಂತ್ಕೊಳ್ಳಿ. ಮುಖ ಹೇಗೇ ಸೊಟ್ಟಗಾಗಿರಲಿ, ನಾನು ನಕ್ಕರೆ ಅದು ನಗು ಅಂತ ನಿಮಗೆ ಗೊತ್ತಾಗಬೇಕು. ಗೊತ್ತಾಗುತ್ತಲ್ವಾ?... ಅತ್ತಿಗೆ? ಗೊತ್ತಾಗುತ್ತೆ ಅನ್ನಿ... ಹಲೋ?... ಲೈನ್ ಕಟ್ಟಾಯ್ತಾ?... ಅತ್ತಿಗೆ, ಹಲೋ...