ನಾಲ್ಕನೆಯ ಡೆಸ್ಕ್‌ಟಾಪ್

ಮಾಂಟೆವಿಡಿಯೊದ ಬಸ್ ನಿಲ್ದಾಣದಲ್ಲಿ ಗೆಳತಿಯರಿಬ್ಬರು ಒಂದೇ ಸೋರೆ ಬುರುಡೆಯಿಂದ ಸರದಿಯಲ್ಲಿ 'ಮಾತೆ' ಎಂಬ ಎಲೆಯ ಕಷಾಯ ಹೀರುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ಇರ್ಮಾಳಿಗೆ ಅವರ ಮಾತು ಕೇಳದಿರುವಂತಿರಲಿಲ್ಲ.

"ಮನೇಲಿರೋದು ಒಂದೇ ಕಂಪ್ಯೂಟರ್ ಕಣೇ ಮಿರ್ತಾ. ಅದರಲ್ಲೇ ಮೂರು ಡೆಸ್ಕ್‌ಟಾಪ್, ಅಂದ್ರೆ ಬೇರೆ ಬೇರೆ ಪರದೆ, ಮಾಡ್ಕೊಂಡಿದ್ದೆ. ಒಂದರಲ್ಲಿ ನನ್ನ ಅನುವಾದ, ಒಂದರಲ್ಲಿ ನನ್ನ ಗಂಡನ ಕೆಲಸ. ಬೆರಳಲ್ಲಿ ಸರಿಸಿದ್ರೆ ಬದಲಾಗುತ್ತೆ."

"ಮೂರನೇದು?"

"ಒಬ್ಬಳೇ ಇರೋಕೆ ಬಾಡಿಗೆ ಕೋಣೆ ಹುಡುಕ್ತಿದ್ದೆ."

"ಅಯ್ಯೋ ನೆಲಿದಾ, ಮುಚ್ಚಿಡಬಾರದಾ?"

"ಮರೆತೆ. ನಿನ್ನೆ ಅವನು ಸರಿಸಿ ನೋಡಿಬಿಟ್ಟ."

"ಕೂಗಾಡಿದ್ನಾ?"

"ಇಲ್ಲ. ಬೆಳಿಗ್ಗೆ ನೋಡ್ತೀನಿ, ನಾಲ್ಕನೇದೊಂದು ತೆರೆದಿಟ್ಟು ಹೋಗಿದಾನೆ. ಅದರಲ್ಲೂ ಒಬ್ಬರಿಗಾಗೋ ಕೋಣೆಗಳೇ. ತಾರೀಖು ನೋಡಿದ್ರೆ, ನನಗಿಂತ ಮೊದಲೇ ತನಗೆ ಅಂತ ಹುಡುಕಿಟ್ಟಿದ್ದ."

"ಒಳ್ಳೇದೇ ಆಯ್ತಲ್ಲ. ಜಗಳವೇ ಇಲ್ಲ."

"ಹೌದು. ಅಳು ಯಾಕೆ ಬಂತೋ ಗೊತ್ತಿಲ್ಲ."

ಬಸ್ ಬಂತು. ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಒತ್ತಿಕೊಂಡು ನೆಲಿದಾ ಮೊದಲು ಹತ್ತಿದಳು.